ಕದ್ದು ಕೇಳಿದ್ದು ಸರ್ಕಾರ, ಬರೆ ಬಿದ್ದದ್ದು ಕಂಪನಿಗೆ

ಪ್ರಶ್ನೆ: ಸರ್, ನನ್ನ ಉಳಿತಾಯದ ಒಂದು ಭಾಗ ಅಂತರರಾಷ್ಟ್ರೀಯ ಟೆಕ್ ಕಂಪನಿಗಳ ಫಂಡ್‌ನಲ್ಲಿದೆ. ಕ್ಲೌಡ್, ನೆಟ್‌ವರ್ಕ್ ಉಪಕರಣ, ಚಿಪ್ ಕಂಪನಿಗಳೇ ಜಾಸ್ತಿ. ಆ ದೇಶ ಈ ದೇಶದ ಕಂಪನಿಗಳ ಮೇಲೆ ಬೇಹುಗಾರಿಕೆ ಮಾಡಿತು ಎಂಬ ಸುದ್ದಿ ಆಗಾಗ ಬರುತ್ತದೆ. ಪ್ರತಿ ಸಲವೂ 'ದೇಶದ ಭದ್ರತೆಗಾಗಿ' ಎಂಬ ಸಮಜಾಯಿಷಿ. ಭದ್ರತೆಗೆ ಮಾಡುವ ಕಣ್ಗಾವಲು ಬೇರೆ, ವ್ಯಾಪಾರಕ್ಕೆ ಮಾಡುವ ಕಳ್ಳತನ ಬೇರೆ ಅಂತಾರಲ್ಲ, ನಿಜಕ್ಕೂ ಅಂಥ ಗೆರೆ ಇದೆಯಾ? ಇದರಿಂದ ವ್ಯಾಪಾರಕ್ಕೆ ಹೊಡೆತ ಬೀಳುತ್ತದಾ, ಅಥವಾ ಎರಡು ದಿನದ ಗಲಾಟೆ ಅಷ್ಟೇನಾ? ನನ್ನಂಥ ಸಣ್ಣ ಹೂಡಿಕೆದಾರ ಏನು ನೋಡಬೇಕು?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದೇ ಕಷ್ಟದ್ದು. ಅದನ್ನು ಬಿಡಿಸದೆ ಮುಂದೆ ಹೋದರೆ ಸುಮ್ನೆ ಷೇರು ಟಿಪ್ಸ್ ಕೊಟ್ಟಂತಾಗುತ್ತದೆ. ಹಾಗಾಗಿ ಮೊದಲು ಒಂದು ಗೋಡೆಯ ಕಥೆ ಹೇಳುತ್ತೇನೆ.

2004ನೇ ಇಸವಿ. ಪೂರ್ವ ತಿಮೋರ್ ಸ್ವತಂತ್ರ ದೇಶವಾಗಿ ಆಗಷ್ಟೇ ಎರಡು ವರ್ಷ ಕಳೆದಿತ್ತು. ಕೈಯಲ್ಲಿ ಕಾಸಿಲ್ಲ. ಇದ್ದ ದೊಡ್ಡ ಆಸೆ ಎಂದರೆ ತಿಮೋರ್ ಸಮುದ್ರದ ಅಡಿಯ ತೈಲ ಮತ್ತು ಗ್ಯಾಸ್, ಅದರಲ್ಲೂ ಗ್ರೇಟರ್ ಸನ್‌ರೈಸ್ ಎಂಬ ನಿಕ್ಷೇಪ. ಅದನ್ನು ಹೇಗೆ ಹಂಚಿಕೊಳ್ಳುವುದು ಎಂದು ಪಕ್ಕದ ಆಸ್ಟ್ರೇಲಿಯಾ ಜೊತೆ ಮಾತುಕತೆ ನಡೆದಿತ್ತು. ಅದೇ ಹೊತ್ತಿಗೆ ತಿಮೋರ್‌ನ ರಾಜಧಾನಿ ದಿಲಿಯಲ್ಲಿ ಸರ್ಕಾರಿ ಕಚೇರಿಗಳ ರಿಪೇರಿಯೂ ನಡೆಯುತ್ತಿತ್ತು, ಆಸ್ಟ್ರೇಲಿಯಾದ ನೆರವಿನ ಹೆಸರಿನಲ್ಲಿ. ಆ ರಿಪೇರಿಯ ನೆಪದಲ್ಲಿ, ಮಂತ್ರಿಗಳು ಕೂರುವ ಜಾಗದ ಗೋಡೆಯೊಳಗೆ ಆಸ್ಟ್ರೇಲಿಯಾದ ಬೇಹುಗಾರರು ಮೈಕ್ ಹುದುಗಿಸಿದರು. ಹೀಗೆಂದು ವರ್ಷಗಳ ನಂತರ ಹೇಳಿದ್ದು ಅದೇ ಬೇಹುಗಾರಿಕೆ ಸಂಸ್ಥೆಯ ಮಾಜಿ ಅಧಿಕಾರಿ. ದಾಖಲೆಗಳಲ್ಲಿ ಅವರಿಗೆ ಹೆಸರಿಲ್ಲ, ಬರೀ 'ಸಾಕ್ಷಿ ಕೆ'.

ಎದುರಿನವರು ಎಷ್ಟಕ್ಕೆ ಇಳಿಯುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ಅದನ್ನು ಚೌಕಾಸಿ ಅನ್ನಲಾಗುವುದಿಲ್ಲ. 2006ರ ಒಪ್ಪಂದದಲ್ಲಿ ಆ ನಿಕ್ಷೇಪದ ಆದಾಯ ಅರ್ಧರ್ಧ ಎಂದಾಯಿತು. ಕದ್ದಾಲಿಕೆಯ ವಿಷಯ ತಿಳಿದ ಮೇಲೆ ತಿಮೋರ್ ಸರ್ಕಾರ ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಮಂಡಳಿಯ ಬಾಗಿಲು ಬಡಿಯಿತು. 2013ರ ಡಿಸೆಂಬರ್‌ನಲ್ಲಿ ತಿಮೋರ್ ಪರ ವಕೀಲರ ಕ್ಯಾನ್‌ಬೆರಾ ಕಚೇರಿಗೆ ಆಸ್ಟ್ರೇಲಿಯಾದ ಗುಪ್ತಚರ ಅಧಿಕಾರಿಗಳು ನುಗ್ಗಿ ಕಾಗದಪತ್ರ ಹೊತ್ತೊಯ್ದರು. ಆ ಕಾಗದಗಳನ್ನು ಮುಚ್ಚಿಯೇ ಇಡಿ, ತಿಮೋರ್ ತನ್ನ ವಕೀಲರ ಜೊತೆ ಆಡುವ ಮಾತಿಗೆ ತಲೆ ಹಾಕಬೇಡಿ ಎಂದು 2014ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಬೇಕಾಯಿತು. ಕೊನೆಗೆ 2018ರಲ್ಲಿ ಹೊಸ ಒಪ್ಪಂದವಾಯಿತು. ಈ ಬಾರಿ ತಿಮೋರ್ ಪಾಲು ಶೇ 70, ಇಲ್ಲವೇ ಶೇ 80. ಪೈಪ್‌ಲೈನ್ ಯಾವ ದಡಕ್ಕೆ ಹೋಗುತ್ತದೆ ಎಂಬುದರ ಮೇಲೆ ಅದು ತೀರ್ಮಾನ. ಐವತ್ತರಿಂದ ಎಪ್ಪತ್ತಕ್ಕೋ ಎಂಬತ್ತಕ್ಕೋ ಏರಿದ್ದು ಕದ್ದಾಲಿಕೆ ಬಯಲಾದದ್ದಕ್ಕೇ ಎಂದು ನಾನು ಹೇಳಲಾರೆ. ಆದರೆ ಹಳೆಯ ಒಪ್ಪಂದದ ಬಾಗಿಲು ಮತ್ತೆ ತೆರೆದದ್ದರಲ್ಲಿ ಅದರ ಪಾಲು ದೊಡ್ಡದು.

ಈಗ ಹೇಳಿ, ಇದು ಭದ್ರತೆಯಾ, ವ್ಯಾಪಾರವಾ? ಗೋಡೆಯಲ್ಲಿನ ಮೈಕಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಮಂತ್ರಿಗಳು ಬೆಳಿಗ್ಗೆ ಗಡಿಯ ಬಗ್ಗೆ ಮಾತಾಡಬಹುದು, ಮಧ್ಯಾಹ್ನ ಗ್ಯಾಸ್ ಬಗ್ಗೆ. ಎರಡೂ ಒಂದೇ ಕಿವಿಗೆ ಬೀಳುತ್ತವೆ. ಗೆರೆ ಎಳೆಯುವುದು ಆಮೇಲೆ, ಬರೆದುಕೊಂಡದ್ದನ್ನು ಯಾರಿಗೆ ಓದಲು ಕೊಡೋಣ ಎಂದು ಯಾರೋ ಮೇಜಿನ ಮುಂದೆ ಕೂತು ನಿರ್ಧರಿಸುವಾಗ. ಆ ಮೇಜು ಹೊರಗಿನವರಿಗೆ ಕಾಣುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಗೆರೆ ಇದೆ, ಆದರೆ ಅದು ಸಂಗ್ರಹಿಸುವ ಜಾಗದಲ್ಲಿ ಇಲ್ಲ, ಬಳಸುವ ಜಾಗದಲ್ಲಿದೆ. ಅದನ್ನು ದಾಟಿಲ್ಲ ಎಂದು ಯಾವ ಸರ್ಕಾರವೂ ಸಾಬೀತು ಮಾಡಿ ತೋರಿಸಲಾರದು. ಮಾರುಕಟ್ಟೆಯ ತಲೆನೋವು ಶುರುವಾಗುವುದು ಇಲ್ಲಿಂದಲೇ.

ಅಮೆರಿಕದ ವಾದ ಕೇಳಿದ್ದೀರಿ ಅನ್ಸುತ್ತೆ. 'ನಾವು ಆರ್ಥಿಕ ಮಾಹಿತಿ ಸಂಗ್ರಹಿಸುತ್ತೇವೆ, ನಿಜ. ಆದರೆ ವ್ಯಾಪಾರ ರಹಸ್ಯ ಕದ್ದು ನಮ್ಮ ಕಂಪನಿಗಳಿಗೆ ಕೊಡುವುದಿಲ್ಲ.' 2014ರ ಜನವರಿಯಲ್ಲಿ ಅಧ್ಯಕ್ಷ ಒಬಾಮಾ ಹೊರಡಿಸಿದ ಆದೇಶದಲ್ಲೂ ಇದೇ ಮಾತಿದೆ. ಜೊತೆಗೊಂದು ಅಡಿಟಿಪ್ಪಣಿಯೂ ಇದೆ. ವ್ಯಾಪಾರ ನಿಯಮ ಅಥವಾ ನಿರ್ಬಂಧ ಮುರಿದವರನ್ನು ಪತ್ತೆ ಹಚ್ಚುವುದು, ಕಂಪನಿಯ ಹಿಂದೆ ಯಾವ ಸರ್ಕಾರದ ಕೈ ಇದೆ ಎಂದು ನೋಡುವುದು, ಇವೆಲ್ಲ 'ಪೈಪೋಟಿಯ ಲಾಭ'ದ ಲೆಕ್ಕಕ್ಕೆ ಬರುವುದಿಲ್ಲವಂತೆ. ಅಡಿಟಿಪ್ಪಣಿಯ ಬಾಗಿಲು ಮುಖ್ಯ ಬಾಗಿಲಿಗಿಂತ ಅಗಲ ಅಲ್ವಾ?

ಸಿಐಎ ಮುಖ್ಯಸ್ಥರಾಗಿದ್ದ ಜೇಮ್ಸ್ ವೂಲ್ಸಿ 2000ದಲ್ಲಿ ಇನ್ನೂ ನೇರವಾಗಿ ಬರೆದರು. ಹೌದು, ಯೂರೋಪಿನ ಕಂಪನಿಗಳ ಮೇಲೆ ಕಣ್ಣಿಟ್ಟಿದ್ದೆವು, ಯಾಕಂದರೆ ಅವರು ಲಂಚ ಕೊಟ್ಟು ಗುತ್ತಿಗೆ ಗೆಲ್ಲುತ್ತಾರೆ ಎಂಬುದು ಅವರ ಮಾತಿನ ಸಾರ. ಲಂಚ ಕಂಡರೆ ಖರೀದಿಸುವ ದೇಶದ ಸರ್ಕಾರಕ್ಕೆ ತಿಳಿಸುತ್ತಿದ್ದೆವು, ಸ್ವಂತ ಕಂಪನಿಗಳಿಗಲ್ಲ ಎಂದರು. ಸರಿ. ಆದರೆ 1994ರಲ್ಲಿ ಸೌದಿ ವಿಮಾನಗಳ 600 ಕೋಟಿ ಡಾಲರ್ ವ್ಯವಹಾರ ಯೂರೋಪಿನ ಏರ್‌ಬಸ್ ಕೈತಪ್ಪಿ ಅಮೆರಿಕದ ಬೋಯಿಂಗ್ ಮತ್ತು ಮ್ಯಾಕ್‌ಡೊನೆಲ್ ಡಗ್ಲಸ್‌ಗೆ ಹೋಯಿತು. ಏರ್‌ಬಸ್‌ನ ಫ್ಯಾಕ್ಸ್, ಫೋನ್‌ಗಳನ್ನು ಅಮೆರಿಕದ ಕದ್ದಾಲಿಕೆ ಸಂಸ್ಥೆ ಎನ್‌ಎಸ್‌ಎ ಕದ್ದು ಕೇಳಿತ್ತು ಎಂಬ ವರದಿಯನ್ನು ಯೂರೋಪ್ ಸಂಸತ್ತಿನ 2001ರ ತನಿಖೆಯೂ ಪ್ರಸ್ತಾಪಿಸಿತು. ಬೋಯಿಂಗ್ ಕೈಗೆ ಒಂದು ಚೀಟಿಯನ್ನೂ ಕೊಟ್ಟಿರಲಿಕ್ಕಿಲ್ಲ. ಆರ್ಡರ್ ಅಂತೂ ಬಂತು. ಇನ್ನು ಫ್ರಾನ್ಸ್‌ನವರು ಬೇರೆಯವರ ಕಂಪನಿಗಳನ್ನು ಹಿಂಬಾಲಿಸುತ್ತಿದ್ದರು ಎಂದು ಅವರದೇ ಗುಪ್ತಚರ ಸಂಸ್ಥೆಯ ಮಾಜಿ ಮುಖ್ಯಸ್ಥ ಪಿಯೆರ್ ಮಾರಿಯೋ ಒಪ್ಪಿಕೊಂಡಿದ್ದರು. ಇದರಲ್ಲಿ ಯಾರ ಕೈಯೂ ತೊಳೆದಿಟ್ಟ ಕೈಯಲ್ಲ.

ಚೀನಾದ ಮೇಲಿನ ಆರೋಪದ ಬಗೆಯೇ ಬೇರೆ. ಅಲ್ಲಿ ಕದ್ದದ್ದು ನೇರವಾಗಿ ಕಂಪನಿಗಳ ಅನುಕೂಲಕ್ಕೆ ಎಂಬುದು ಅಮೆರಿಕದ ದೂರು. 2014ರ ಮೇ ತಿಂಗಳಲ್ಲಿ ಚೀನಾ ಸೇನೆಯ ಐವರು ಅಧಿಕಾರಿಗಳ ಮೇಲೆ ಅಮೆರಿಕ ಆರೋಪಪಟ್ಟಿ ಸಲ್ಲಿಸಿತು. ಅದರಲ್ಲಿ ವೆಸ್ಟಿಂಗ್‌ಹೌಸ್, ಯು.ಎಸ್. ಸ್ಟೀಲ್, ಅಲ್ಕೋವಾ ಹೆಸರುಗಳ ಜೊತೆ ಸೋಲಾರ್‌ವರ್ಲ್ಡ್ ಎಂಬ ಸೌರಫಲಕ ಕಂಪನಿಯೂ ಇತ್ತು. ನನಗೆ ಕುತೂಹಲ ಹುಟ್ಟಿಸುವುದು ಅದೇ. ಚೀನಾದ ಕಂಪನಿಗಳು ಕಡಿಮೆ ಬೆಲೆಗೆ ಫಲಕ ತಂದು ಸುರಿಯುತ್ತಿವೆ ಎಂದು ಸೋಲಾರ್‌ವರ್ಲ್ಡ್ ಆಗ ವ್ಯಾಪಾರ ದಾವೆ ಹೂಡಿತ್ತು. ಅದರ ಕಂಪ್ಯೂಟರಿನಿಂದ ಹೋದ ಸಾವಿರಾರು ಫೈಲುಗಳಲ್ಲಿ ಉತ್ಪಾದನಾ ವೆಚ್ಚ ಇತ್ತು, ಕೈಯಲ್ಲಿರುವ ನಗದಿನ ಲೆಕ್ಕ ಇತ್ತು, ಆ ದಾವೆಯ ಬಗ್ಗೆ ವಕೀಲರ ಜೊತೆ ನಡೆಸಿದ ಗೌಪ್ಯ ಪತ್ರವ್ಯವಹಾರವೂ ಇತ್ತು ಎನ್ನುತ್ತದೆ ಆರೋಪಪಟ್ಟಿ. ಈ ಕಂಪನಿ ಇನ್ನೆಷ್ಟು ತಿಂಗಳು ಉಸಿರು ಹಿಡಿದು ನಿಲ್ಲಬಲ್ಲದು ಎಂದು ಎದುರಾಳಿಗೆ ಗೊತ್ತಾದರೆ, ಅಷ್ಟು ತಿಂಗಳು ಬೆಲೆ ಇಳಿಸಿ ಕೂತರೆ ಸಾಕು.

ಅಮೆರಿಕ ಇದನ್ನು ಅಪರಾಧ ಅಂದಿತು. ಆದರೆ ಅದೇ 2014ರ ಫೆಬ್ರವರಿಯಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಲವಂಗದ ಸಿಗರೇಟ್ ಮತ್ತು ಸೀಗಡಿ ವಿಷಯದಲ್ಲಿ ಇಂಡೋನೇಷ್ಯಾಕ್ಕೂ ಅಮೆರಿಕಕ್ಕೂ ವ್ಯಾಪಾರ ಜಗಳ ಇತ್ತಲ್ಲ, ಆಗ ಇಂಡೋನೇಷ್ಯಾಕ್ಕೆ ಸಲಹೆ ಕೊಡುತ್ತಿದ್ದ ವಕೀಲರ ಮಾತುಗಳನ್ನು ಆಸ್ಟ್ರೇಲಿಯಾದ ಕದ್ದಾಲಿಕೆ ಸಂಸ್ಥೆ ಹಿಡಿದು ಎನ್‌ಎಸ್‌ಎ ಜೊತೆ ಹಂಚಿಕೊಳ್ಳಲು ಮುಂದಾಗಿತ್ತು ಎಂಬುದು ಸುದ್ದಿ. ಸೀಗಡಿಯಲ್ಲಿ ಯಾವ ದೇಶದ ಭದ್ರತೆ ಅಡಗಿತ್ತು ಎಂಬುದು ನನಗಂತೂ ಇವತ್ತಿಗೂ ಹೊಳೆದಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಒಬಾಮಾ ಮತ್ತು ಷಿ ಜಿನ್‌ಪಿಂಗ್ ಒಂದು ಮಾತಿಗೆ ಬಂದರು. ಕಂಪನಿಗಳ ಲಾಭಕ್ಕಾಗಿ ಹ್ಯಾಕ್ ಮಾಡಿ ರಹಸ್ಯ ಕದಿಯುವುದಿಲ್ಲ, ಕದಿಯುವವರಿಗೆ ಬೆಂಬಲ ಕೊಡುವುದಿಲ್ಲ ಎಂದರು. ನವೆಂಬರ್‌ನಲ್ಲಿ ಜಿ-20 ದೇಶಗಳೂ ತಲೆಯಾಡಿಸಿದವು. ಒಪ್ಪಂದದ ಮಾತುಗಳನ್ನು ಗಮನವಿಟ್ಟು ಓದಿ. ಬೇಹುಗಾರಿಕೆ ಮಾಡುವುದಿಲ್ಲ ಎಂದು ಯಾರೂ ಹೇಳಿಲ್ಲ.

ಈಗ ಎರಡನೇ ಪ್ರಶ್ನೆ, ವ್ಯಾಪಾರಕ್ಕೆ ಬೀಳುವ ಹೊಡೆತ. ಹೊಡೆತ ಎರಡು ಥರ. ಒಂದು ಕಳ್ಳತನದ್ದು, ಇನ್ನೊಂದು ಅನುಮಾನದ್ದು. ಸುದ್ದಿಯಲ್ಲಿ ಎರಡೂ ಕಲಸಿಹೋಗುತ್ತವೆ. ಹೂಡಿಕೆದಾರರು ಬಿಡಿಸಿ ನೋಡಬೇಕು.

ಕಳ್ಳತನದ್ದಕ್ಕೆ ಅಮೆರಿಕನ್ ಸೂಪರ್‌ಕಂಡಕ್ಟರ್ ಎಂಬ ಕಂಪನಿಯ ಉದಾಹರಣೆ ಸಾಕು. ಗಾಳಿಯಂತ್ರಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ಸ್ ಮತ್ತು ಸಾಫ್ಟ್‌ವೇರ್ ಅದರ ಸರಕು. ದೊಡ್ಡ ಗಿರಾಕಿ ಚೀನಾದ ಸಿನೋವೆಲ್. 2011ರ ಮಾರ್ಚ್‌ನಲ್ಲಿ ಸಿನೋವೆಲ್ ಇದ್ದಕ್ಕಿದ್ದಂತೆ ಸರಕು ಬೇಡ ಎಂದಿತು. ಆಗ ಅದು 10 ಕೋಟಿ ಡಾಲರ್‌ಗಿಂತ ಜಾಸ್ತಿ ಬಾಕಿ ಕೊಡಬೇಕಿತ್ತು, ಇನ್ನೂ 70 ಕೋಟಿ ಡಾಲರ್ ಮೀರಿದ ಕರಾರು ಬಾಕಿ ಇತ್ತು. ಏಪ್ರಿಲ್‌ನಲ್ಲಿ ಈ ವಿಷಯ ಹೊರಗೆ ಬಂದಾಗ ಷೇರು ಒಂದೇ ದಿನ ಶೇ 40ರಷ್ಟು ಬಿತ್ತು. ಯಾಕೆ ಬೇಡ ಅಂದರು ಎಂಬುದು ಕಂಪನಿಯವರಿಗೇ ಅರ್ಥವಾಗಿರಲಿಲ್ಲ. ಆಮೇಲೆ ಅವರ ಎಂಜಿನಿಯರುಗಳು ಚೀನಾದಲ್ಲಿ ಒಂದು ಗಾಳಿಯಂತ್ರದ ಪರೀಕ್ಷೆಗೆ ಹೋದರು. ಪರೀಕ್ಷೆಯ ಅವಧಿ ಮುಗಿದೊಡನೆ ಅವರ ಸಾಫ್ಟ್‌ವೇರ್ ತಾನೇ ಯಂತ್ರವನ್ನು ನಿಲ್ಲಿಸಬೇಕಿತ್ತು. ರೆಕ್ಕೆಗಳು ನಿಲ್ಲಲಿಲ್ಲ. ಸುತ್ತುತ್ತಲೇ ಇದ್ದವು.

ಆಸ್ಟ್ರಿಯಾದ ಶಾಖೆಯಲ್ಲಿದ್ದ ಒಬ್ಬ ಉದ್ಯೋಗಿ ಮೂಲ ಕೋಡನ್ನು ಇಳಿಸಿಕೊಂಡು ಸಿನೋವೆಲ್‌ಗೆ ಕೊಟ್ಟಿದ್ದ. 2018ರಲ್ಲಿ ಅಮೆರಿಕದ ನ್ಯಾಯಾಲಯ ಸಿನೋವೆಲ್ ತಪ್ಪಿತಸ್ಥ ಎಂದಿತು. ಅಷ್ಟರಲ್ಲಿ ಕಂಪನಿಯ ಷೇರುದಾರರು 100 ಕೋಟಿ ಡಾಲರ್‌ಗಿಂತ ಹೆಚ್ಚು ಕಳೆದುಕೊಂಡಿದ್ದರು. ಸುಮಾರು 700 ಜನರ ಕೆಲಸ ಹೋಗಿತ್ತು, ಅಂದರೆ ಅರ್ಧಕ್ಕಿಂತ ಜಾಸ್ತಿ ಸಿಬ್ಬಂದಿ. ರಾಜಿಯಲ್ಲಿ ಸಿಕ್ಕಿದ್ದು 5.75 ಕೋಟಿ ಡಾಲರ್. ಇಲ್ಲಿ ಉಪಗ್ರಹ ಇಲ್ಲ, ಎನ್‌ಎಸ್‌ಎ ಇಲ್ಲ, ಸರ್ಕಾರದ ಮೇಲೆ ಆರೋಪವೂ ಇಲ್ಲ. ಒಬ್ಬ ನೌಕರ, ಒಂದು ಕಂಪ್ಯೂಟರ್, ಒಬ್ಬನೇ ದೊಡ್ಡ ಗಿರಾಕಿ. ನನ್ನ ಅನುಭವದಲ್ಲಿ ಕಳ್ಳತನದಿಂದ ಕಂಪನಿ ಮುಳುಗುವುದು ಹೆಚ್ಚಾಗಿ ಹೀಗೆಯೇ. ಆದಾಯವೆಲ್ಲ ಒಬ್ಬ ಗಿರಾಕಿ ಮತ್ತು ಒಂದು ರಹಸ್ಯದ ಮೇಲೆ ನಿಂತಿದ್ದಾಗ. ನಿಮ್ಮ ಫಂಡ್‌ನಲ್ಲಿರುವ ಭಾರೀ ಕಂಪನಿಗಳಿಗೆ ಈ ಭಯ ಕಡಿಮೆ.

ಅವಕ್ಕೆ ಬೀಳುವುದು ಎರಡನೇ ಥರದ ಹೊಡೆತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ.

2013ರ ಜೂನ್‌ನಲ್ಲಿ, ಎನ್‌ಎಸ್‌ಎಗೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಎನ್‌ಎಸ್‌ಎ ಕಾಗದಗಳನ್ನು ಹೊರಗೆ ತಂದರು. ಪ್ರಿಸಂ ಎಂಬ ಯೋಜನೆಯಡಿ ದೊಡ್ಡ ಇಂಟರ್ನೆಟ್ ಕಂಪನಿಗಳಿಂದ ವಿದೇಶಿಯರ ಮಾಹಿತಿ ಪಡೆಯುತ್ತಿದ್ದಾರೆ ಎಂದು ಜಗತ್ತಿಗೆ ತಿಳಿಯಿತು. ಅಮೆರಿಕದ ವಿದೇಶಿ ಕಣ್ಗಾವಲು ಕಾನೂನಿನ 702ನೇ ಕಲಂ ಪ್ರಕಾರ ಕಂಪನಿಗಳು ಕೊಡಲೇಬೇಕು. ನವೆಂಬರ್‌ನಲ್ಲಿ ನೆಟ್‌ವರ್ಕ್ ಉಪಕರಣ ಮಾಡುವ ಅಮೆರಿಕದ ಸಿಸ್ಕೋ ತನ್ನ ತ್ರೈಮಾಸಿಕ ಲೆಕ್ಕ ಹೇಳಿತು. ಬ್ರೆಜಿಲ್‌ನಿಂದ ಬರುವ ಆರ್ಡರ್ ಶೇ 25, ಚೀನಾದಿಂದ ಶೇ 18, ರಷ್ಯಾದಿಂದ ಶೇ 30 ಕುಸಿದಿತ್ತು. ಮುಂದಿನ ತ್ರೈಮಾಸಿಕದ ಆದಾಯ ಶೇ 8ರಿಂದ 10ರಷ್ಟು ಇಳಿಯಬಹುದು ಎಂದರು. ಮರುದಿನ ಷೇರು ಸುಮಾರು ಶೇ 11 ಬಿತ್ತು. ಚೀನಾದ ಗಿರಾಕಿಗಳು ಹಿಂದೆಮುಂದೆ ನೋಡುವುದರಲ್ಲಿ ಎನ್‌ಎಸ್‌ಎ ಸುದ್ದಿಯ ಪಾಲೂ ಇದೆ ಎಂದು ಕಂಪನಿಯವರೇ ಹೇಳಿದರು. ಮರುವರ್ಷ ಇನ್ನೊಂದು ಫೋಟೋ ಬಂತು. ಗಿರಾಕಿಗೆ ಹೊರಟ ಸಿಸ್ಕೋ ಪೆಟ್ಟಿಗೆಯನ್ನು ಎನ್‌ಎಸ್‌ಎ ಸಿಬ್ಬಂದಿ ದಾರಿಯಲ್ಲೇ ತಡೆದು, ನಾಜೂಕಾಗಿ ಬಿಚ್ಚುತ್ತಿರುವ ಚಿತ್ರ. ಒಳಗೆ ತಮ್ಮದೊಂದು ಸೇರಿಸಿ, ಮತ್ತೆ ಅಂಟಿಸಿ, ಕಳಿಸುವುದು ಕ್ರಮ. ಸಿಸ್ಕೋ ಮುಖ್ಯಸ್ಥ ಜಾನ್ ಚೇಂಬರ್ಸ್ ಒಬಾಮಾಗೆ ಪತ್ರ ಬರೆದು, ಹೀಗಾದರೆ ನಮ್ಮ ಸರಕಿನ ಮೇಲಿನ ನಂಬಿಕೆ ಏನಾಗಬೇಕು ಎಂದು ಗೋಳು ತೋಡಿಕೊಂಡರು.

ಬ್ರೆಜಿಲ್‌ನಲ್ಲಿ ಸಿಟ್ಟು ಇನ್ನೂ ಜಾಸ್ತಿ. ಅಲ್ಲಿನ ಸರ್ಕಾರಿ ತೈಲ ಕಂಪನಿ ಪೆಟ್ರೋಬ್ರಾಸ್ ಕೂಡ ಎನ್‌ಎಸ್‌ಎ ಗುರಿಯಾಗಿತ್ತು ಎಂದು 2013ರ ಸೆಪ್ಟೆಂಬರ್‌ನಲ್ಲಿ ಟಿವಿಯಲ್ಲಿ ಬಂತು. ಅಧ್ಯಕ್ಷೆ ದಿಲ್ಮಾ ರೌಸೆಫ್ ವಾಷಿಂಗ್ಟನ್ ಪ್ರವಾಸವನ್ನೇ ಮುಂದೂಡಿದರು. ಡಿಸೆಂಬರ್‌ನಲ್ಲಿ 36 ಯುದ್ಧವಿಮಾನಗಳ ಸುಮಾರು 450 ಕೋಟಿ ಡಾಲರ್ ಆರ್ಡರ್ ಬೋಯಿಂಗ್ ಬದಲು ಸ್ವೀಡನ್ನಿನ ಸಾಬ್ ಪಾಲಾಯಿತು. ಬೆಲೆ ಮತ್ತು ತಂತ್ರಜ್ಞಾನ ಹಂಚಿಕೆ ಎಂಬ ಕಾರಣಗಳೂ ಇದ್ದವು. ಆದರೆ ಬೇಹುಗಾರಿಕೆಯೇ ಬೋಯಿಂಗ್ ಕಥೆ ಮುಗಿಸಿತು ಎಂದು ಆಗಿನ ವರದಿಗಳು ಹೇಳಿದವು. 2014ರ ಜೂನ್‌ನಲ್ಲಿ ಜರ್ಮನಿ ಸರ್ಕಾರ ಅಮೆರಿಕದ ಟೆಲಿಕಾಂ ಕಂಪನಿ ವೆರಿಝೋನ್ ಜೊತೆಗಿನ ಕರಾರು ಮುಂದುವರಿಸುವುದಿಲ್ಲ ಎಂದಿತು.

ನಾನು ಸಲಹೆಗಾರನಾಗಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೂ ಆ ಬಿಸಿ ತಟ್ಟಿತು. ಪರದೇಶದ ಗಿರಾಕಿ, ದರ ಒಪ್ಪಿಗೆಯಾಗಿತ್ತು, ಸಹಿ ಬಾಕಿ. ಕೊನೆಯ ಕರೆಯಲ್ಲಿ ಅವರ ಖರೀದಿ ವಿಭಾಗದ ಹೆಂಗಸು ಒಂದೇ ಪ್ರಶ್ನೆ ಕೇಳಿದರು: 'ಎನ್‌ಕ್ರಿಪ್ಶನ್ ಕೀಲಿ ಯಾರ ಹತ್ತಿರ ಇರುತ್ತೆ?' ನಮ್ಮ ಹುಡುಗ ಹೆಮ್ಮೆಯಿಂದ 'ನಮ್ಮ ಹತ್ತಿರವೇ, ಭದ್ರವಾಗಿದೆ' ಎಂದ. ಆ ಕಡೆ ಎರಡು ಕ್ಷಣ ಮೌನ. ಆಮೇಲೆ ಅವರು ಮತ್ತೆ ಕರೆ ಮಾಡಲೇ ಇಲ್ಲ. ಗುಪ್ತಲಿಪಿಯಲ್ಲಿಟ್ಟ ಮಾಹಿತಿಯನ್ನು ಬಿಚ್ಚುವ ಆ ಕೀಲಿ ನಮ್ಮ ಹತ್ತಿರ ಇದ್ದರೆ ನಮ್ಮ ಸರ್ಕಾರ ಕೇಳಿದ ದಿನ ಕೊಡಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಯಾರೂ ಏನನ್ನೂ ಕದ್ದಿರಲಿಲ್ಲ. ಆರ್ಡರ್ ಮಾತ್ರ ಹೋಯಿತು.

ಹಾಗಂತ ಎಲ್ಲವನ್ನೂ ಸ್ನೋಡೆನ್ ತಲೆಗೆ ಕಟ್ಟಬೇಡಿ. ಚೀನಾ ತನ್ನ ಕಂಪನಿಗಳನ್ನು ಬೆಳೆಸಲು ಮೊದಲೇ ಹೊರಟಿತ್ತು, ಈ ಸುದ್ದಿ ಒಳ್ಳೆಯ ನೆಪವಾಯಿತು. 2013ರಲ್ಲೇ ಒಂದು ಅಧ್ಯಯನ ಸಂಸ್ಥೆ, ಅಮೆರಿಕದ ಕ್ಲೌಡ್ ಉದ್ಯಮ ಮೂರು ವರ್ಷದಲ್ಲಿ 3,500 ಕೋಟಿ ಡಾಲರ್‌ವರೆಗೆ ಕಳೆದುಕೊಳ್ಳಬಹುದು ಎಂದು ಅಂದಾಜಿಸಿತ್ತು. ಆ ಲೆಕ್ಕ ಆಗ ಎಲ್ಲರ ಬಾಯಲ್ಲೂ ಇತ್ತು. ಈಗ ನೋಡಿದರೆ ಜಗತ್ತಿನ ಕ್ಲೌಡ್ ವ್ಯಾಪಾರದ ಸುಮಾರು ಮೂರನೇ ಎರಡು ಭಾಗ ಅಮೆರಿಕದ ಮೂರೇ ಕಂಪನಿಗಳ ಕೈಯಲ್ಲಿದೆ. ಬೈದವರೂ ಬಿಡಲಿಲ್ಲ. ಯಾಕಂದರೆ ಬಿಟ್ಟು ಹೋಗಲು ಬೇರೆ ಅಂಗಡಿ ಇರಲಿಲ್ಲ. ಜೊತೆಗೆ ಕಂಪನಿಗಳೂ ಸುಮ್ಮನೆ ಕೂರಲಿಲ್ಲ. ತಮ್ಮ ಡೇಟಾ ಸೆಂಟರ್‌ಗಳ ನಡುವಿನ ತಂತಿಗಳನ್ನೂ ಎನ್‌ಕ್ರಿಪ್ಟ್ ಮಾಡಿದವು, ಸರ್ಕಾರದ ವಿರುದ್ಧ ಕೋರ್ಟಿಗೆ ಹೋದವು. ಹಾಗಾಗಿ ಅನುಮಾನದ ಹೊಡೆತ ಎಲ್ಲರಿಗೂ ಒಂದೇ ಸಮ ಅಲ್ಲ. ರೂಟರ್‌ಗೆ ಬದಲಿ ಸರಕು ಸಿಗುತ್ತದೆ, ಯುದ್ಧವಿಮಾನಕ್ಕೂ ಸಿಗುತ್ತದೆ. ಇಡೀ ಕಚೇರಿ ನಿಂತಿರುವ ಕ್ಲೌಡ್‌ಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಆದರೆ ಕ್ಲೌಡ್ ಕಂಪನಿಗಳಿಗೆ ಬೇರೆ ಕಡೆಯಿಂದ ಕುತ್ತು ಬಂತು, ಕೋರ್ಟಿನಿಂದ. ಯೂರೋಪಿಗೂ ಅಮೆರಿಕಕ್ಕೂ ಮಧ್ಯೆ ಜನರ ಮಾಹಿತಿ ಸಾಗಿಸಲು 'ಸೇಫ್ ಹಾರ್ಬರ್' ಎಂಬ ಒಪ್ಪಂದ ಇತ್ತು. ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ ಹೂಡಿದ ದಾವೆಯಲ್ಲಿ ಯೂರೋಪಿನ ನ್ಯಾಯಾಲಯ 2015ರ ಅಕ್ಟೋಬರ್‌ನಲ್ಲಿ ಅದನ್ನು ರದ್ದು ಮಾಡಿತು. ಅದರ ಜಾಗಕ್ಕೆ ಬಂದ 'ಪ್ರೈವಸಿ ಶೀಲ್ಡ್' 2020ರ ಜುಲೈನಲ್ಲಿ ಬಿತ್ತು. ಎರಡೂ ಸಲ ಕಾರಣ ಒಂದೇ: ಅಮೆರಿಕದ ಕಣ್ಗಾವಲಿನಿಂದ ಯೂರೋಪಿನ ಜನರಿಗೆ ಸರಿಯಾದ ರಕ್ಷಣೆ ಇಲ್ಲ. ಹೀಗೆ ಮಾಹಿತಿ ಸಾಗಿಸಿದ್ದಕ್ಕೆ 2023ರ ಮೇ ತಿಂಗಳಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಗೆ 120 ಕೋಟಿ ಯೂರೋ ದಂಡ ಬಿತ್ತು. ಜುಲೈನಲ್ಲಿ ಮೂರನೇ ಒಪ್ಪಂದ ಬಂತು. ಇಲ್ಲೂ ನೋಡಿ, 702ನೇ ಕಲಂ ಬರೆದದ್ದು ಮೆಟಾ ಅಲ್ಲ. ದಂಡ ಕಟ್ಟಬೇಕಾದದ್ದು ಮೆಟಾ. ಒಂದು ಕಾನೂನು ಕೊಡು ಅನ್ನುತ್ತದೆ, ಇನ್ನೊಂದು ಕೊಡಬೇಡ ಅನ್ನುತ್ತದೆ.

ಚೀನಾದಲ್ಲಿ ಹೂಡಿಕೆದಾರರಿಗೆ ಎದುರಾದ ತೊಡಕು ತಿರುವುಮುರುವು. ಅಲ್ಲಿ ವಿಷಯ ತಿಳಿದುಕೊಳ್ಳಲು ಹೋದವರೇ ಬೇಹುಗಾರರೆನಿಸಿಕೊಳ್ಳುವ ಭಯ. 2023ರ ಮಾರ್ಚ್‌ನಲ್ಲಿ ಮಿಂಟ್ಜ್ ಗ್ರೂಪ್ ಎಂಬ ಅಮೆರಿಕದ ಕಂಪನಿಯ ಬೀಜಿಂಗ್ ಕಚೇರಿ ಮೇಲೆ ದಾಳಿಯಾಯಿತು. ಐವರು ಸ್ಥಳೀಯ ನೌಕರರನ್ನು ವಶಕ್ಕೆ ತೆಗೆದುಕೊಂಡರು. ಅವರ ಕೆಲಸ ಏನು ಗೊತ್ತಾ? ಹೂಡಿಕೆಗೆ ಮುಂಚೆ ಕಂಪನಿಯ ಹಿಂದೆಮುಂದೆ ವಿಚಾರಿಸುವುದು. ಏಪ್ರಿಲ್‌ನಲ್ಲಿ ಬೇನ್ ಎಂಬ ಅಮೆರಿಕದ ಸಲಹಾ ಕಂಪನಿಯ ಶಾಂಘೈ ಸಿಬ್ಬಂದಿಯ ವಿಚಾರಣೆ, ಮೇ ತಿಂಗಳಲ್ಲಿ ತಜ್ಞರ ಜೊತೆ ಮಾತಾಡಿಸುವ ಕ್ಯಾಪ್‌ವಿಷನ್ ಮೇಲೆ ದಾಳಿ. ಜುಲೈ 1ರಿಂದ ತಿದ್ದುಪಡಿಯಾದ ಬೇಹುಗಾರಿಕೆ ವಿರೋಧಿ ಕಾನೂನು ಜಾರಿಯಾಯಿತು. ದೇಶದ ಭದ್ರತೆ ಮತ್ತು ಹಿತಾಸಕ್ತಿಗೆ ಸಂಬಂಧಿಸಿದ ಯಾವುದೇ ದಾಖಲೆ, ಡೇಟಾ ಅದರ ವ್ಯಾಪ್ತಿಗೆ ಬಂತು. 'ಹಿತಾಸಕ್ತಿ' ಎಂಬ ಮಾತಿಗೆ ಎಲ್ಲೆ ಎಲ್ಲಿ? ಒಂದು ಉಕ್ಕಿನ ಕಾರ್ಖಾನೆ ಎಷ್ಟು ಸಾಲ ಮಾಡಿದೆ ಎಂದು ಕೇಳುವುದೂ ಅದರೊಳಗೆ ಬರಬಹುದೇ? ಆ ವರ್ಷದ ಜುಲೈ–ಸೆಪ್ಟೆಂಬರ್‌ನಲ್ಲಿ ಚೀನಾಕ್ಕೆ ಬರುವ ವಿದೇಶಿ ನೇರ ಹೂಡಿಕೆಯ ಲೆಕ್ಕ ಮೈನಸ್ 1,180 ಕೋಟಿ ಡಾಲರ್ ಆಯಿತು. 1998ರಿಂದ ಆ ಲೆಕ್ಕ ಇಡಲು ಶುರು ಮಾಡಿದ ಮೇಲೆ ಅದೇ ಮೊದಲ ಮೈನಸ್. ಬಡ್ಡಿದರ, ಮನೆ-ಜಮೀನು ವ್ಯವಹಾರದ ಕುಸಿತ ಎಲ್ಲವೂ ಅದರಲ್ಲಿ ಸೇರಿವೆ, ಬರೀ ಈ ಕಾನೂನಲ್ಲ. ಆದರೂ ವಿಚಾರಿಸಲು ಬಿಡದ ಕಡೆ ದುಡ್ಡು ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ.

ಮೂರನೇ ಪ್ರಶ್ನೆ. ಏನು ನೋಡಬೇಕು?

ಮಾರಿಬಿಡಿ ಅಥವಾ ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಹತ್ತಾರು ಕಂಪನಿಗಳಿರುವ ಫಂಡ್ ಆದರೆ ಒಂದು ಸುದ್ದಿಗೆ ಗಾಬರಿಯಾಗುವ ಅಗತ್ಯವೂ ಇಲ್ಲ. ಫಂಡ್‌ನ ಮೊದಲ ನಾಲ್ಕೈದು ದೊಡ್ಡ ಹೆಸರು ತೆಗೆದುಕೊಳ್ಳಿ. ಅವರ ಆದಾಯದಲ್ಲಿ ಪರದೇಶದ ಸರ್ಕಾರಗಳು, ಸರ್ಕಾರಿ ಬ್ಯಾಂಕುಗಳು, ಟೆಲಿಕಾಂ ಕಂಪನಿಗಳ ಪಾಲು ಎಷ್ಟು ನೋಡಿ. ಅನುಮಾನ ಬಂದ ದಿನ ಮೊದಲು ಕೈಬಿಡುವ ಗಿರಾಕಿಗಳು ಅವರೇ. ಗಿರಾಕಿಯೇ ಕೀಲಿ ಇಟ್ಟುಕೊಳ್ಳುವ ವ್ಯವಸ್ಥೆ ಕಂಪನಿಯಲ್ಲಿ ಇದೆಯಾ ನೋಡಿ. ನನ್ನ ಆ ಫೋನ್ ಕರೆ ನೆನಪಿರಲಿ.

ಸರ್ಕಾರಕ್ಕೆಂದು ಬಿಟ್ಟ ಹಿಂಬಾಗಿಲು ಇರುವ ಸರಕು ಮಾರುವವರ ಮೇಲೂ ಒಂದು ಕಣ್ಣಿರಲಿ. 2004–05ರಲ್ಲಿ ಗ್ರೀಸ್‌ನ ವೊಡಾಫೋನ್ ಜಾಲದಲ್ಲಿ ಪೊಲೀಸರ ಕದ್ದಾಲಿಕೆಗೆಂದೇ ಇದ್ದ ಸೌಲಭ್ಯದೊಳಗೆ ಯಾರೋ ನುಗ್ಗಿ, ಪ್ರಧಾನಿಯದೂ ಸೇರಿ ನೂರಕ್ಕೂ ಹೆಚ್ಚು ಫೋನ್ ಕೇಳಿದರು. 2024ರಲ್ಲಿ ಅಮೆರಿಕದ ಟೆಲಿಕಾಂ ಜಾಲಗಳಿಗೆ ನುಗ್ಗಿದ 'ಸಾಲ್ಟ್ ಟೈಫೂನ್' ಎಂಬ ಚೀನಾ ಮೂಲದ ಹ್ಯಾಕರ್ ಗುಂಪು ಕೂಡ ಕೋರ್ಟ್ ಆದೇಶದ ಕದ್ದಾಲಿಕೆಗೆ ಇಟ್ಟಿದ್ದ ವ್ಯವಸ್ಥೆಗೆ ಕೈ ಹಾಕಿತ್ತು. ಬಾಗಿಲು ಒಬ್ಬರಿಗೆಂದು ಮಾಡಿದರೂ ಬರುವವರು ಬೇರೆಯವರೇ.

ಆಮೇಲೆ ವಾರ್ಷಿಕ ವರದಿಯ 'ಅಪಾಯದ ಅಂಶಗಳು' ಎಂಬ ಭಾಗ. ಬೋರ್ ಹೊಡೆಸುತ್ತದೆ, ಗೊತ್ತು. ಎರಡು ವರ್ಷದ ವರದಿ ಪಕ್ಕಪಕ್ಕ ಇಟ್ಟು ಆ ಭಾಗ ಮಾತ್ರ ಓದಿ. ಕಳೆದ ವರ್ಷ 'ಆಗಬಹುದು' ಇದ್ದದ್ದು ಈ ವರ್ಷ 'ಆಗಿದೆ' ಎಂದಾಗಿದೆಯೇ ನೋಡಿ. ಈ ಕ್ರಿಯಾಪದದ ಬೆಲೆ ದೊಡ್ಡದು. ರಷ್ಯಾ ಸರ್ಕಾರದ ಬೇಹುಗಾರರು ಸೋಲಾರ್‌ವಿಂಡ್ಸ್ ಎಂಬ ಕಂಪನಿಯ ಸಾಫ್ಟ್‌ವೇರ್ ಮೂಲಕ ಮಾಡಿದ ಹ್ಯಾಕ್‌ನಲ್ಲಿ ತನಗೆ ಹಾನಿಯಾಗಿದೆ ಎಂದು ಗೊತ್ತಿದ್ದೂ, ಅಪಾಯ ಬರೀ ಸಾಧ್ಯತೆ ಎಂಬಂತೆ ಬರೆದಿತ್ತು ಎಂಬ ಕಾರಣಕ್ಕೆ ಯುನಿಸಿಸ್ ಕಂಪನಿ 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿಗೆ 40 ಲಕ್ಷ ಡಾಲರ್ ದಂಡ ಕಟ್ಟಿತು. 2023ರಿಂದ ಅಲ್ಲಿ ಇನ್ನೊಂದು ನಿಯಮವೂ ಇದೆ. ಹೂಡಿಕೆದಾರರಿಗೆ ಮುಖ್ಯವಾಗುವಂಥ ಸೈಬರ್ ದಾಳಿ ಎಂದು ಕಂಪನಿ ತೀರ್ಮಾನಿಸಿದ ನಾಲ್ಕು ಕೆಲಸದ ದಿನಗಳೊಳಗೆ ಬಹಿರಂಗಪಡಿಸಬೇಕು. ದೇಶದ ಭದ್ರತೆಗೆ ಧಕ್ಕೆ ಎಂದು ಅಟಾರ್ನಿ ಜನರಲ್ ಹೇಳಿದರೆ ತಡ ಮಾಡಬಹುದು. ಹೌದು, ಮತ್ತದೇ 'ದೇಶದ ಭದ್ರತೆ'.

ಕೊನೆಯದು, ಪಾರದರ್ಶಕತೆ ವರದಿ. ಯಾವ ಸರ್ಕಾರ ಎಷ್ಟು ಸಲ ಮಾಹಿತಿ ಕೇಳಿತು ಎಂದು ಕಂಪನಿಗಳೇ ಪ್ರಕಟಿಸುವ ಲೆಕ್ಕ ಇದು. ಟೆಲಿಕಾಂ ಕಂಪನಿಗಳು ಇದನ್ನು ತಾವಾಗಿ ಶುರು ಮಾಡಲಿಲ್ಲ. 2013ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಪಿಂಚಣಿ ನಿಧಿಯೂ ಇನ್ನೊಂದು ಹೂಡಿಕೆ ಸಂಸ್ಥೆಯೂ ಷೇರುದಾರರ ನಿರ್ಣಯ ಮಂಡಿಸಿ ಎಟಿ ಆ್ಯಂಡ್ ಟಿ, ವೆರಿಝೋನ್ ಕಂಪನಿಗಳನ್ನು ಕೇಳಿದವು. ಡಿಸೆಂಬರ್‌ನಲ್ಲಿ ಎರಡೂ ಕಂಪನಿಗಳು ಪ್ರಕಟಿಸುತ್ತೇವೆ ಎಂದವು. ನಿಮ್ಮ ಫಂಡ್ ನಡೆಸುವವರಿಗೂ ಒಂದು ಇಮೇಲ್ ಹಾಕಿ, ಇಂಥ ನಿರ್ಣಯ ಬಂದಾಗ ನೀವು ಯಾವ ಕಡೆ ಮತ ಹಾಕಿದಿರಿ ಎಂದು ಕೇಳಿ. ವರದಿ ಓದುವಾಗ ಒಂದು ವಿಷಯ ಗಮನಿಸಿ. ಸಾಮಾನ್ಯ ಪೊಲೀಸ್ ಕೋರಿಕೆಗಳ ಸಂಖ್ಯೆ ನಿಖರವಾಗಿ ಇರುತ್ತದೆ. ಅಮೆರಿಕದ ಭದ್ರತಾ ಆದೇಶಗಳ ಜಾಗದಲ್ಲಿ ಮಾತ್ರ '0–499' ಎಂಬಂಥ ಅಂಕಿ ಕಾಣುತ್ತದೆ. ಅದು ಸೊನ್ನೆಯೂ ಆಗಿರಬಹುದು, ನಾನೂರ ತೊಂಬತ್ತೊಂಬತ್ತೂ ಆಗಿರಬಹುದು. ನಿಖರ ಸಂಖ್ಯೆ ಹೇಳಲು ಕಾನೂನು ಕಂಪನಿಯನ್ನು ಬಿಡುವುದಿಲ್ಲ.